ಕಾಡಿನ ಹಬ್ಬ, ಕಾಡಿನವರ ಹೆಸರು

ಹೆಸರಿನಲ್ಲೇನಿದೆ ಎಂದು ಕೇಳುವವರು ಸಾಮಾನ್ಯವಾಗಿ ಹೆಸರು ಕಳೆದುಕೊಂಡವರಾಗಿರುವುದಿಲ್ಲ. ಮದುವೆಯ ದಿನ ಅಕ್ಕಿ ಹರಡಿದ ತಟ್ಟೆಯಲ್ಲಿ ಉಂಗುರದಿಂದ ಹೊಸ ಹೆಸರು ಬರೆದು, ಇಂದಿನಿಂದ ನೀನು ಇವಳು ಎಂದು ಹೇಳುವ ಪದ್ಧತಿ ನಮ್ಮ ಕೆಲವು ಮನೆತನಗಳಲ್ಲಿ ಇದ್ದದ್ದು ನಿಮಗೂ ಗೊತ್ತು. ಆ ಹೆಸರು ಚೆನ್ನಾಗಿಯೇ ಇರುತ್ತಿತ್ತು, ಪ್ರೀತಿಯಿಂದಲೇ ಇಡುತ್ತಿದ್ದರು. ಆದರೂ ತವರಿನ ಬೀದಿಯಲ್ಲಿ ಯಾರಾದರೂ ಹಳೆಯ ಹೆಸರು ಹಿಡಿದು ಕೂಗಿದರೆ ಆ ಹೆಣ್ಣುಮಗಳು ತಿರುಗಿ ನೋಡುವ ರೀತಿಯೇ ಬೇರೆ. ಒಬ್ಬಳಿಗೆ ಆದದ್ದು ಒಂದು ಜನಾಂಗಕ್ಕೇ ಆದರೆ ಹೇಗಿರಬಹುದು? ಅದೂ ಆ ಬೇರೆ ಹೆಸರಿನಲ್ಲೇ ಊರಿಗೆ ಊರೇ ಅವರ ಹಬ್ಬ ಮಾಡುತ್ತಿದ್ದರೆ?

ಇದು ಊಹೆಯ ಮಾತಲ್ಲ. ಆಸ್ಟ್ರೇಲಿಯದ ಸಿಡ್ನಿ ನಗರದ ಉತ್ತರ ಭಾಗದಲ್ಲಿ, ಬಂದರಿನ ಆಚೆ ದಡದ ಊರುಗಳ ಸ್ಥಳೀಯ ಕೌನ್ಸಿಲ್‌ಗಳು ಸೇರಿ 2001ರಲ್ಲಿ ಒಂದು ಹಬ್ಬವನ್ನು ಆರಂಭಿಸಿದವು. ಅಲ್ಲಿಯ ಕಾಡನ್ನೂ ಆ ಕಾಡಿನ ಮೂಲನಿವಾಸಿಗಳ ಸಂಸ್ಕೃತಿಯನ್ನೂ ಜನರಿಗೆ ಪರಿಚಯಿಸುವುದು ಅದರ ಉದ್ದೇಶ. ‘ಗುರಿಂಗೈ ಹಬ್ಬ’ ಎಂದು ಹೆಸರಿಟ್ಟರು. ಆ ಭಾಗದ ಮೂಲನಿವಾಸಿಗಳು ಗುರಿಂಗೈ ಜನ ಎಂಬುದು ಎಲ್ಲರ ನಂಬಿಕೆಯಾಗಿತ್ತು. 1894ರಲ್ಲಿ ರಚಿತವಾದ ಅಲ್ಲಿಯ ದೊಡ್ಡ ರಾಷ್ಟ್ರೀಯ ಉದ್ಯಾನಕ್ಕೆ ಕುರಿಂಗೈ ಎಂದೇ ಹೆಸರು. ಒಂದು ಪುರಸಭೆಗೂ ಅದೇ ಹೆಸರು.

2015ರಲ್ಲಿ ಆ ಕೌನ್ಸಿಲ್‌ಗಳೇ ನಡೆಸುವ ಮೂಲನಿವಾಸಿ ಪರಂಪರೆಯ ಕಚೇರಿಯಿಂದ ಒಂದು ವರದಿ ಹೊರಬಿತ್ತು. ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ ಅವರು ಕಂಡುಕೊಂಡದ್ದಿಷ್ಟು: ಈ ಹೆಸರು ಆ ನೆಲದ ಜನ ತಮ್ಮನ್ನು ತಾವು ಕರೆದುಕೊಂಡ ಹೆಸರಲ್ಲ. 1892ರಲ್ಲಿ ಜಾನ್ ಫ್ರೇಸರ್ ಎಂಬ ವಿದ್ವಾಂಸ ಪಾದ್ರಿಯೊಬ್ಬರ ಭಾಷಾಗ್ರಂಥವನ್ನು ಸಂಪಾದಿಸುತ್ತ, ಕರಾವಳಿಯ ಉದ್ದಕ್ಕೂ ಇದ್ದ ಬೇರೆ ಬೇರೆ ಜನರನ್ನು ಒಂದೇ ಬುಟ್ಟಿಗೆ ಹಾಕಲು ಕಟ್ಟಿದ ಹೆಸರದು. ಅದಕ್ಕೆ ಹತ್ತಿರದ ಹೆಸರಿನ ಗ್ರಿಂಗೈ ಜನ ಇದ್ದದ್ದು ನಿಜ, ಆದರೆ ಬಹು ದೂರದಲ್ಲಿ, ಹಂಟರ್ ನದಿಯ ಆಚೆ. ಮುಂದೆ ಕೆಲವೇ ವರ್ಷಗಳಲ್ಲಿ ಹಬ್ಬದ ಹೆಸರು ಬದಲಾಯಿತು. ಈಗ ಅದು ಗೈಮರಿಯಗಲ್ ಹಬ್ಬ. ಬಂದರಿನ ಉತ್ತರ ದಡದಲ್ಲಿದ್ದ ಒಂದು ಕುಲವನ್ನು ಇಂಗ್ಲಿಷರು ಕ್ಯಾಮರಗಲ್ ಎಂದು ಬರೆದಿಟ್ಟಿದ್ದರು. ಆ ಕುಲದ ಹೆಸರಿನದೇ ಇನ್ನೊಂದು ರೂಪ ಇದು. ಆದರೆ ಉದ್ಯಾನದ ಹೆಸರು ಹಾಗೆಯೇ ಉಳಿಯಿತು. ಪುರಸಭೆಯ ಹೆಸರೂ ಉಳಿಯಿತು.

ಮಕ್ಕಳ ಮನೆಗೆಂದು ಹೋಗಿ ಎರಡು ಮೂರು ತಿಂಗಳು ಉಳಿಯುವ ನಮ್ಮಂಥ ತಾಯಂದಿರಿಗೆ ಆ ಹಬ್ಬ ಸಿಕ್ಕುವುದು ಚಳಿಗಾಲದಲ್ಲಿ. ಮೇ 26ಕ್ಕೆ ಆರಂಭವಾಗಿ, ದೇಶದ ಮೂಲನಿವಾಸಿಗಳ ಸಪ್ತಾಹ ನಡೆಯುವ ಜುಲೈವರೆಗೆ ಅದು ಹರಡಿಕೊಂಡಿರುತ್ತದೆ. ಒಂದು ಜಾಗದಲ್ಲಿ ಪೆಂಡಾಲು ಹಾಕಿ ಮೂರು ದಿನದಲ್ಲಿ ಮುಗಿಸುವ ಉತ್ಸವವಲ್ಲ. ಒಂದು ಊರಿನ ಗ್ರಂಥಾಲಯದಲ್ಲಿ ಮಾತುಕತೆ, ಇನ್ನೊಂದು ಕಡೆ ಬುಟ್ಟಿ ಹೆಣೆಯುವುದನ್ನು ಕಲಿಸುವ ತರಗತಿ, ಮತ್ತೊಂದು ಕಡೆ ಚಿತ್ರಪ್ರದರ್ಶನ, ಭಾನುವಾರ ಕಾಡಿನೊಳಗೆ ನಡಿಗೆ. ನಡಿಗೆಯಲ್ಲಿ ಹೆಚ್ಚಿನವರು ಹೆಂಗಸರು, ಅವರಲ್ಲೂ ಅರವತ್ತು ದಾಟಿದವರು. ಸಮತಟ್ಟಾದ ಮರಳುಗಲ್ಲಿನ ಮೇಲೆ ಕೊರೆದ ತಿಮಿಂಗಿಲ, ಮೀನು, ವಾಲಬಿಗಳ ರೇಖೆಗಳನ್ನು ಬೆಳಗಿನ ಓರೆಬಿಸಿಲಿನಲ್ಲಿ ನೋಡಬೇಕು. ನಡುಹಗಲಿನಲ್ಲಿ ಅವು ಕಾಣುವುದೇ ಕಷ್ಟ. ಕಲ್ಲಿನ ಸಂದುಗಳಲ್ಲಿ ಬಾಟಲಿ ತೊಳೆಯುವ ಬ್ರಷ್ಷಿನಂಥ ಬ್ಯಾಂಕ್ಸಿಯ ಹೂವು. ನಮ್ಮ ಬಯಲುಸೀಮೆಯ ತುಂಬ ನೆಟ್ಟ ನೀಲಗಿರಿಯ ಬಂಧುಬಳಗವೆಲ್ಲ ಅಲ್ಲಿ ತನ್ನ ಸ್ವಂತ ಮನೆಯಲ್ಲಿ ನಿಂತಿದೆ. ಅಲ್ಲಿ ಅದನ್ನು ನೋಡಿದ ಮೇಲೆ ನನಗೆ ಆ ಮರದ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಈ ಹಬ್ಬದಲ್ಲಿ ನಾನು ಮೆಚ್ಚುವ ಮೊದಲ ಸಂಗತಿ ಅದು ಆರಂಭವಾಗುವ ದಿನ. 1997ರ ಮೇ 26ರಂದು ಆ ದೇಶದ ಸಂಸತ್ತಿನಲ್ಲಿ ಒಂದು ವರದಿ ಮಂಡನೆಯಾಯಿತು. ಮೂಲನಿವಾಸಿ ತಾಯಂದಿರ ಮಡಿಲಿನಿಂದ ಸರ್ಕಾರ ಹಲವಾರು ದಶಕಗಳ ಕಾಲ ಮಕ್ಕಳನ್ನು ಕಿತ್ತುಕೊಂಡು ಹೋಗಿ, ಅನಾಥಾಲಯಗಳಲ್ಲೂ ಬಿಳಿಯರ ಮನೆಗಳಲ್ಲೂ ಬೆಳೆಸಿದ ಕಥೆ ಅದು. ಮರುವರ್ಷದಿಂದ ಆ ದಿನ ವಿಷಾದದ ದಿನವಾಯಿತು. ಅಂಥ ದಿನದಂದು ಹಬ್ಬ ಶುರುಮಾಡುವುದು ವಿಚಿತ್ರ ಎನಿಸಬಹುದು. ಆದರೆ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ನೋಡಿದವರಿಗೆ ಇದು ಹೊಸದಲ್ಲ. ಶೋಕವೂ ಒಂದು ಹಬ್ಬವಾಗಬಲ್ಲದು, ಹಾಡುತ್ತಲೇ ಅಳಬಹುದು. ನಗುವಿನಿಂದಲೇ ಶುರುವಾಗಿ ನಗುವಿನಲ್ಲೇ ಮುಗಿಯುವ ಸಾಂಸ್ಕೃತಿಕ ಉತ್ಸವಗಳಿಗಿಂತ ಇದು ಪ್ರಾಮಾಣಿಕವಾದದ್ದು.

ಎರಡನೆಯದು, ಆ ಕಾಡು ಉಳಿದುಕೊಂಡಿರುವುದಕ್ಕೆ ಹೆಂಗಸರೇ ಕಾರಣವಾದ ಕಥೆಗಳು. ಸಿಡ್ನಿಯ ಮಾಸ್ಮನ್ ಎಂಬ ಬಡಾವಣೆಯಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಅಕ್ಕತಂಗಿಯರಿದ್ದರು. 1960ರ ದಶಕದಲ್ಲಿ ಮನೆಯ ಹತ್ತಿರದ ಕಾಡಿನಲ್ಲಿ ದಿನವೂ ನಡೆಯುತ್ತ ಅವರು ಒಂದು ವಿಷಯ ಗಮನಿಸಿದರು. ಪರದೇಶದ ಕಳೆಗಳನ್ನು ಯಂತ್ರ ತಂದು ಒಮ್ಮೆಲೇ ಸವರಿ ಹಾಕಿದರೆ ಅವು ಇಮ್ಮಡಿಯಾಗಿ ಬರುತ್ತವೆ. ಇವರು ಬರಿಗೈಯಲ್ಲಿ, ಸಣ್ಣ ಚಾಕು ಹಿಡಿದು, ಕಾಡು ಚೆನ್ನಾಗಿರುವ ಕಡೆಯಿಂದ ಹೊರಟು ಕಳೆ ದಟ್ಟವಾಗಿರುವ ಕಡೆಗೆ ಅಂಗುಲ ಅಂಗುಲವಾಗಿ ಕೀಳುತ್ತ ಹೋದರು. ಕದಡಿದ ಮಣ್ಣಿನ ಮೇಲೆ ಮತ್ತೆ ತರಗೆಲೆ ಮುಚ್ಚಿದರು. ಊರ ಗಿಡ ತಾನಾಗಿ ತಲೆಯೆತ್ತುವವರೆಗೆ ಮುಂದಕ್ಕೆ ಹೋಗಲಿಲ್ಲ. ಅಕ್ಕಿ ಆರಿಸಿದ ಕೈಗಳಿಗೆ ಇದರ ಹದ ಗೊತ್ತಾಗುತ್ತದೆ. ಇಬ್ಬರೂ ತೀರಿಕೊಂಡ ಮೇಲೆ, 1988ರಲ್ಲಿ, ಜೋನ್ ಬರೆದ ಪುಸ್ತಕ ಪ್ರಕಟವಾಯಿತು. ಕಾಡನ್ನು ಮರಳಿ ತರುವ ಅವರ ಆ ವಿಧಾನ ಇಂದು ಅವರ ಹೆಸರಿನಿಂದಲೇ ಪ್ರಸಿದ್ಧ.

ಇನ್ನೊಂದು, ಹಂಟರ್ಸ್ ಹಿಲ್ ಎಂಬಲ್ಲಿಯ ಹದಿಮೂರು ಗೃಹಿಣಿಯರ ಕಥೆ. ನದೀತೀರದ ಕೆಲ್ಲೀಸ್ ಬುಷ್ ಎಂಬ ತುಂಡು ಕಾಡಿನಲ್ಲಿ ಶ್ರೀಮಂತರ ಮನೆಗಳು ಏಳಲಿದ್ದವು. ಮಂತ್ರಿಗಳಿಗೆ ಅರ್ಜಿ ಬರೆದು ಸಾಕಾದ ಮೇಲೆ ಇವರು 1971ರಲ್ಲಿ ಕಟ್ಟಡ ಕಾರ್ಮಿಕರ ಸಂಘದ ಬಾಗಿಲು ತಟ್ಟಿದರು. ಅದರ ನಾಯಕ ಜ್ಯಾಕ್ ಮಂಡೇ. ನಾವು ಅಲ್ಲಿ ಒಂದು ಇಟ್ಟಿಗೆಯನ್ನೂ ಇಡುವುದಿಲ್ಲ ಎಂದು ಕೂಲಿಯವರು ನಿಂತರು. ‘ಹಸಿರು ನಿಷೇಧ’ ಎಂದು ಹೆಸರಾದ ಚಳವಳಿಗಳಲ್ಲಿ ಅದು ಮೊಟ್ಟಮೊದಲನೆಯದು. 1983ರಲ್ಲಿ ಸರ್ಕಾರವೇ ಆ ಜಾಗವನ್ನು ಜನರಿಗಾಗಿ ಕೊಂಡುಕೊಂಡಿತು.

ಇಷ್ಟು ಮೆಚ್ಚಿದ ಮೇಲೆ ನನ್ನ ತಕರಾರು ಹೇಳಬೇಕು. ಇಂಥ ಹಬ್ಬಗಳಲ್ಲಿ ಕಾಡಿನ ಕಥೆ ಮತ್ತು ಕಾಡಿನವರ ಕಥೆ ಎರಡು ಬೇರೆ ಬೇರೆ ಮೇಜುಗಳ ಮೇಲೆ ಇರುತ್ತವೆ. ಒಂದು ಮೇಜಿನಲ್ಲಿ ಗಿಡಗಳ ಸಸಿ, ಹಕ್ಕಿಗಳ ಪಟ. ಪಕ್ಕದ ಮೇಜಿನಲ್ಲಿ ಚುಕ್ಕಿಚಿತ್ರ, ಬೂಮರಾಂಗು. ಕಾಡು ಮನುಷ್ಯರ ಕೈ ಸೋಕದ ನಿಸರ್ಗ ಎನ್ನುವುದನ್ನು ನೋಡುವವರು ಮನೆಗೆ ಒಯ್ಯುತ್ತಾರೆ. ಆದರೆ ಅದು ಸಾವಿರಾರು ವರ್ಷ ಬೆಂಕಿಯಿಟ್ಟು, ಗೆಡ್ಡೆ ಅಗೆದು, ಮೀನು ಹಿಡಿದು ಜನ ನೋಡಿಕೊಂಡ ನೆಲ. ಅಲ್ಲಿ ಈಗ ಆ ಜನ ಕಡಿಮೆ ಕಾಣುತ್ತಾರೆಂದರೆ ಅದಕ್ಕೆ ಕಾರಣವಿದೆ. ಇಂಗ್ಲಿಷರು ಬಂದಿಳಿದ ಮರುವರ್ಷ, 1789ರಲ್ಲಿ, ಸಿಡಿಬು ಹಬ್ಬಿ ಬಂದರಿನ ಸುತ್ತಲಿನ ಕುಲಗಳಲ್ಲಿ ಹಲವು ಹೆಚ್ಚುಕಡಿಮೆ ಅಳಿದೇಹೋದವು. ಹೆಸರು ಗೊಂದಲವಾದದ್ದೂ ಅದರಿಂದಲೇ. ಇದು ನಮ್ಮ ಹೆಸರಲ್ಲ ಎಂದು ಹೇಳಲು ಫ್ರೇಸರನ ಮುಂದೆ ಯಾರೂ ಇರಲಿಲ್ಲ.

ಬರಂಗರೂ ಎಂಬ ಹೆಂಗಸನ್ನು ನೋಡಿ. ಆ ಉತ್ತರ ದಡದ ಕುಲದವಳು. ಆ ಬಂದರಿನಲ್ಲಿ ಮೀನು ಹಿಡಿದು ಮನೆ ಸಾಕುತ್ತಿದ್ದವರು ಮುಖ್ಯವಾಗಿ ಹೆಂಗಸರು. ಮರದ ತೊಗಟೆಯ ದೋಣಿಯಲ್ಲಿ ಜೇಡಿಮಣ್ಣಿನ ಮೇಲೆ ಪುಟ್ಟ ಬೆಂಕಿ, ಚಿಪ್ಪಿನಿಂದ ಮಾಡಿದ ಗಾಳ, ಪಕ್ಕದಲ್ಲಿ ಕೂಸು. ಅವಳ ಗಂಡ ಬೆನ್ನೆಲಾಂಗ್ ಗವರ್ನರರ ಸ್ನೇಹಕ್ಕೆ ಒಲಿದು ಕೋಟು ತೊಟ್ಟ. ಅವಳು ಗವರ್ನರರ ಮನೆಗೂ ತನ್ನ ರೀತಿಯಲ್ಲೇ ಹೋದಳು, ಅವರ ಬಟ್ಟೆ ಮುಟ್ಟಲಿಲ್ಲ. 1791ರಲ್ಲಿ ಒಬ್ಬ ಬಿಳಿಯ ಕೈದಿ ಮೂಲನಿವಾಸಿ ಹೆಂಗಸಿನ ಮೀನಿನ ಸಲಕರಣೆ ಕದ್ದನೆಂದು ಅವನಿಗೆ ಅವರೆದುರಿನಲ್ಲೇ ಚಾಟಿಯೇಟು ಕೊಡಿಸಿದರು. ನಿಮಗೆ ನ್ಯಾಯ ಕೊಡುತ್ತಿದ್ದೇವೆ, ನೋಡಿ ಎಂಬ ಭಾವ. ಬರಂಗರೂ ಕೋಲೆತ್ತಿಕೊಂಡು ಹೊಡೆಯುವವನ ಮೇಲೆಯೇ ಏರಿ ಹೋದಳು. ಅದೇ ವರ್ಷ ಒಂದು ಹೆಣ್ಣುಮಗುವನ್ನು ಹೆತ್ತು ಕೆಲವೇ ದಿನಗಳಲ್ಲಿ ತೀರಿಕೊಂಡಳು. ಇಂದು ಸಿಡ್ನಿಯ ಬಂದರಿನಲ್ಲಿ ಗಗನಚುಂಬಿ ಕಟ್ಟಡಗಳ, ಹೋಟೆಲುಗಳ ಒಂದು ಬಡಾವಣೆಗೆ ಅವಳ ಹೆಸರಿದೆ. ಹೆಸರು ಉಳಿಯಿತೆಂದು ಸಂತೋಷಪಡೋಣವೇ? ಕೋಲೆತ್ತಿದ ಹೆಂಗಸು ಆ ಹೆಸರಿನಲ್ಲಿ ಎಷ್ಟು ಉಳಿದಿದ್ದಾಳೆ ಎಂಬುದು ನನ್ನ ಪ್ರಶ್ನೆ.

ನಿಜವಾದ ಪರೀಕ್ಷೆ ಬರುವುದು ನೆಲದ ಮಾತು ಬಂದಾಗ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1983ರ ಕಾನೂನಿನಂತೆ ಮೂಲನಿವಾಸಿಗಳ ಭೂಮಂಡಳಿಗಳು ಬಳಕೆಯಲ್ಲಿಲ್ಲದ ಸರ್ಕಾರಿ ಜಮೀನನ್ನು ಕೇಳಿ ಪಡೆಯಬಹುದು. ಹಾಗೆ ಸಿಡ್ನಿಯ ಮಂಡಳಿಗೆ ದಕ್ಕಿದ ಜಮೀನು ಬೆಲ್ರೋಸ್ ಎಂಬ ಊರಿನ ಬಳಿ ಸುಮಾರು 71 ಹೆಕ್ಟೇರಿನಷ್ಟಿದೆ, ಎಲ್ಲವೂ ಕಾಡು. 2023ರ ಸುಮಾರಿಗೆ ಮಂಡಳಿ ಅಲ್ಲಿ 450 ಮನೆಗಳನ್ನು ಕಟ್ಟುವ ಯೋಜನೆ ಮುಂದಿಟ್ಟಿತು. ಯೋಜನೆಗೆ ಇಟ್ಟ ಹೆಸರು ಪಟ್ಯಗರಾಂಗ್. 1790ರ ಹೊತ್ತಿಗೆ ಡಾಸ್ ಎಂಬ ಇಂಗ್ಲಿಷ್ ಅಧಿಕಾರಿಗೆ ತನ್ನ ನುಡಿ ಕಲಿಸಿದ ಹದಿಹರೆಯದ ಹುಡುಗಿ ಅವಳು. ಅವಳು ಹೇಳಿದ್ದನ್ನು ಅವನು ಬರೆದಿಟ್ಟ ಪುಸ್ತಕಗಳು ಲಂಡನ್ನಿನಲ್ಲಿ 1972ರಲ್ಲಿ ಬೆಳಕಿಗೆ ಬಂದವು. ಸಿಡ್ನಿಯ ಆ ನುಡಿಯ ಬಗ್ಗೆ ಇಂದು ತಿಳಿದಿರುವುದರಲ್ಲಿ ಬಹುಪಾಲು ಆ ಹುಡುಗಿಯ ಕೊಡುಗೆ.

ಆ ಯೋಜನೆಗೆ ಊರಿನವರಿಂದ ದೊಡ್ಡ ವಿರೋಧ ಬಂತು. ಮರ, ಪ್ರಾಣಿ, ಕಾಡ್ಗಿಚ್ಚಿನ ಅಪಾಯ, ಕಲ್ಲಿನ ಕೆತ್ತನೆಗಳು ಎಂದು ಅವರು ಹೇಳಿದ ಕಾರಣಗಳು ಸುಳ್ಳಲ್ಲ. ಕಾಡು ಕಡಿಯುವುದು ನನಗೂ ಹಿತವಲ್ಲ. ಆದರೂ ಒಂದು ಮಾತು ಕೇಳಲೇಬೇಕು. ಆ ಊರುಗಳ ಜನ ತಾವಿರುವ ಮನೆಗಳನ್ನೂ ಅಂಥದೇ ಕಾಡು ಕಡಿದು ಕಟ್ಟಿಕೊಂಡಿದ್ದಾರೆ. ಹೆಂಚಿನ ಮನೆಯಲ್ಲಿ ಕುಳಿತವರು, ಮೊದಲಿನ ಒಡೆಯರಿಗೆ ಮಾತ್ರ ನೀವು ಕಾಡನ್ನು ಕಾಡಾಗಿಯೇ ಇಟ್ಟುಕೊಳ್ಳಿ, ನಾವು ಭಾನುವಾರ ನಡೆಯಲು ಬರುತ್ತೇವೆ ಎಂದರೆ ಅದು ಹೇಗೆ ಕೇಳಿಸುತ್ತದೆ? ತವರಿನ ಆಸ್ತಿಯಲ್ಲಿ ಪಾಲು ಕೇಳಿದ ಮಗಳಿಗೆ, ನಿನಗೆ ಬಾಗಿನ ಕೊಡುತ್ತಿಲ್ಲವೇ ಎಂದು ಕೇಳಿದ ಹಾಗೆ. ಬಾಗಿನ ಕೊಡುವ ಕೈಯಲ್ಲಿ ಪ್ರೀತಿ ಇರುತ್ತದೆ, ನಿಜ. ಪಾಲಿನ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ಇಂಥ ಕಷ್ಟದ ಮಾತಿಗೂ ಹಬ್ಬದಲ್ಲಿ ಒಂದು ಸಂಜೆ ಮೀಸಲಾಗಬೇಕು. ಎರಡೂ ಕಡೆಯವರು ಒಂದೇ ಮೇಜಿನ ಸುತ್ತ ಕುಳಿತು ಜಗಳವಾಡಿದರೂ ಸರಿ.

ಪರದೇಶದವರನ್ನು ತೂಗುವ ತಕ್ಕಡಿಯಲ್ಲಿ ನಮ್ಮನ್ನೂ ಇಟ್ಟು ನೋಡಬೇಕಲ್ಲ. ನಮ್ಮ ಸರ್ಕಾರಿ ಉತ್ಸವಗಳ ವೇದಿಕೆಯಲ್ಲಿ ಸೋಲಿಗರ ಗೊರುಕನ ಕುಣಿತಕ್ಕೆ ನಾವು ಚಪ್ಪಾಳೆ ತಟ್ಟುತ್ತೇವೆ. ಅದೇ ಸೋಲಿಗರ ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಮೇಲೆ ಅವರ ಬೇಸಾಯ, ಬೇಟೆ ನಿಂತುಹೋದವು. ಪೋಡುಗಳನ್ನು ಬಿಟ್ಟು ಏಳಬೇಕಾಯಿತು. ಅವರು ತರಗೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿಯೂ ಅಪರಾಧವಾಯಿತು. ಆ ಬೆಂಕಿ ನಿಂತಿದ್ದರಿಂದಲೇ ಲಂಟಾನ ಕಾಡನ್ನೆಲ್ಲ ನುಂಗಿತು ಎಂದು ಅವರ ಹಿರಿಯರು ಹೇಳುತ್ತ ಬಂದಿದ್ದಾರೆ. ಸಿಡ್ನಿಯ ಕಾಡುಗಳಲ್ಲಿ ಹೆಂಗಸರು ಮಂಡಿಯೂರಿ ಕೀಳುವುದೂ ಇದೇ ಲಂಟಾನವನ್ನೇ. ಎರಡೂ ದೇಶಕ್ಕೆ ಬಿಳಿಯರ ತೋಟದ ಅಂದಕ್ಕಾಗಿ ಬಂದ ಗಿಡ ಅದು. 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಕಾಡಿನ ಮೇಲಿನ ಸಮುದಾಯದ ಹಕ್ಕು ದೊರೆಯಿತು. ಕುಣಿತಕ್ಕೆ ಚಪ್ಪಾಳೆ ತಟ್ಟಿದ ನಮ್ಮಲ್ಲಿ ಎಷ್ಟು ಮಂದಿಗೆ ಆ ಸುದ್ದಿ ಗೊತ್ತಾಯಿತು?

ಹೀಗೆಲ್ಲ ಹೇಳಿದರೂ ಗೈಮರಿಯಗಲ್ ಹಬ್ಬ ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ಹಲವು ವರ್ಷ ಒಂದು ಹೆಸರಿನಲ್ಲಿ ನಡೆದ ಹಬ್ಬ, ಆ ಹೆಸರು ತಪ್ಪೆಂದು ತನ್ನದೇ ಕಚೇರಿಯಿಂದ ಕೇಳಿಸಿಕೊಂಡು ಅದನ್ನು ಬಿಟ್ಟುಕೊಟ್ಟಿತು. ಬೋರ್ಡು, ಬ್ಯಾನರು, ಕರಪತ್ರ ಎಲ್ಲವನ್ನೂ ಹೊಸದಾಗಿ ಬರೆಸುವ ಖರ್ಚಿಗಿಂತ, ಇಷ್ಟು ವರ್ಷ ಹೇಳಿದ್ದು ಸರಿಯಲ್ಲ ಎಂದು ಊರಿನ ಮುಂದೆ ಒಪ್ಪುವುದು ದೊಡ್ಡದು. ನಮ್ಮ ಎಷ್ಟು ಉತ್ಸವ ಸಮಿತಿಗಳು ಹಾಗೆ ಮಾಡಿಯಾವು? ಹೆಸರು ತಿದ್ದಿದವರಿಗೆ ನೆಲದ ಲೆಕ್ಕವನ್ನೂ ತೆರೆಯುವ ಧೈರ್ಯ ಬರಬಹುದು. ಮೇ ಜೂನ್ ತಿಂಗಳಲ್ಲಿ ಆ ಕಡೆ ಹೋಗುವ ಅವಕಾಶ ನಿಮಗೆ ಸಿಕ್ಕರೆ, ಮಕ್ಕಳ ಮನೆಯಲ್ಲಿ ಚಪಾತಿ ಲಟ್ಟಿಸುವುದನ್ನು ಒಂದು ಭಾನುವಾರ ಬಿಟ್ಟು, ಗಟ್ಟಿ ಚಪ್ಪಲಿ ಮೆಟ್ಟಿಕೊಂಡು ಹೊರಡಿ. ಕಲ್ಲಿನ ಮೇಲಿನ ಮೀನನ್ನು ನೋಡಿ. ಮುಂದೆ ನಡೆಯುವ ಮೊದಲು, ಈ ನೆಲ ಈಗ ಯಾರ ಹೆಸರಿನಲ್ಲಿದೆ ಎಂದು ದಾರಿ ತೋರಿಸುವವರನ್ನು ಕೇಳಿ.