ಮರುನುಡಿ ಮತ್ತು ಬಹುತ್ವ: ಒಂದು ವಿವೇಚನೆ

ಧ್ವನಿಯನ್ನು ಮರುಕಳಿಸಿ ಬಹುವಚನವನ್ನು ಸಾಧಿಸುವ ಕ್ರಮ ಮಲಯ ಭಾಷೆಯಲ್ಲಿದೆ. ಅಲ್ಲಿ 'ಅನಕ್' ಎಂದರೆ ಮಗು, 'ಅನಕ್-ಅನಕ್' ಎಂದರೆ ಮಕ್ಕಳು. 1887ರಲ್ಲಿ ಜಾಮೆನ್‌ಹಾಫ್ ಪ್ರಕಟಿಸಿದ ಕೃತಕ ಭಾಷೆ ಎಸ್ಪೆರಾಂಟೊ ಈ ಮಾರ್ಗವನ್ನು ಬಿಟ್ಟು ಪ್ರತ್ಯಯವನ್ನು ಆಯ್ದುಕೊಂಡಿತು. ನಮ್ಮ ಮಕ್ಕಳು ಕಟ್ಟಿಕೊಂಡ 'ಕ' ಭಾಷೆಯ ನಡೆ ಇನ್ನೂ ಬೇರೆ. 'ಮನೆಗಳು' ಎಂಬುದು ಅದರಲ್ಲಿ 'ಕಮಕನೆಕಗಕಳು' ಆಗುತ್ತದೆ. ಇಲ್ಲಿ 'ಕ'ಕಾರದ ಆವರ್ತನೆಯು ಅರ್ಥವನ್ನು ಮರೆಮಾಡುತ್ತದೆಯೇ ಹೊರತು ಸಂಖ್ಯೆಯನ್ನು ಹೆಚ್ಚಿಸುವುದಿಲ್ಲ. ಬಹುವಚನದ ಹೊಣೆ 'ಗಳು' ಪ್ರತ್ಯಯದ್ದೇ.

ಆದರೆ ಆಡುನುಡಿಯಲ್ಲಿ ಆವರ್ತನೆಗೆ ಅರ್ಥವಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಗೊಲ್ಲರಹಟ್ಟಿಗಳನ್ನೇ ನೆನೆದು ಉದಾಹರಿಸುವುದಾದರೆ, 'ಹಟ್ಟಿಗಳು' ಎಂಬುದು ಬರಿಯ ಸಂಖ್ಯಾಸೂಚಕ. 'ಹಟ್ಟಿಹಟ್ಟಿಗೂ' ಎಂದರೆ ಒಂದನ್ನೂ ಬಿಡದೆ ಪ್ರತಿಯೊಂದಕ್ಕೂ ಎಂದರ್ಥ; ವೈಯಾಕರಣರು ಹೇಳುವ ವೀಪ್ಸೆ ಇದು. 'ಹಟ್ಟಿಗಿಟ್ಟಿ' ಎಂದರೆ ಹಟ್ಟಿ ಮತ್ತು ಅದರಂಥ ಇತರ ನೆಲೆಗಳು. ಮೊದಲ ಅಕ್ಷರವು 'ಗಿ' ಅಥವಾ 'ಗೀ' ಆಗಿ ಮಾರ್ಪಡುವ ಈ ಪ್ರತಿಧ್ವನಿರೂಪಕ್ಕೆ ಬಿಡಿಯಾಗಿ ಅರ್ಥವಿಲ್ಲವೆಂಬ ಕಾರಣದಿಂದ ಅದನ್ನು ನಿರರ್ಥಕವೆಂದು ತಳ್ಳಿಹಾಕುವುದು ಸಾಧುವಲ್ಲ.

ಜಾನಪದ ಪಠ್ಯಗಳ ಸಂಪಾದನೆಯಲ್ಲಿ ಈ ಭೇದ ಮುಖ್ಯವಾದುದು. 'ಕುರಿಗಿರಿ ಮೇಯಿಸಿದರು' ಎಂಬುದನ್ನು ಗ್ರಾಂಥಿಕಗೊಳಿಸಿ 'ಕುರಿಗಳನ್ನು ಮೇಯಿಸಿದರು' ಎಂದು ಅಚ್ಚುಹಾಕಿದರೆ, ಕುರಿಯೊಡನೆ ಸಾಗುವ ಆಡುಮರಿಗಳು ಪಠ್ಯದಿಂದ ಹೊರಗುಳಿಯುತ್ತವೆ. ವಕ್ತೃವಿನ ಮರುನುಡಿಯನ್ನು ಪುನರುಕ್ತಿದೋಷವೆಂದು ತಿದ್ದುವುದು ಪಾಠಶುದ್ಧಿಯಲ್ಲ, ಅರ್ಥಲೋಪ. ಅಂಥ ರೂಪಗಳನ್ನು ಕೇಳಿದಂತೆಯೇ ದಾಖಲಿಸುವುದು ಸಂಗ್ರಾಹಕರ ಮೊದಲ ಕರ್ತವ್ಯ.