ಧರ್ಮದ ತಿರುಳನ್ನು ನಿರ್ಣಯಿಸುವವರು ಯಾರು?

ಸಂವಿಧಾನದ 25 ಮತ್ತು 26ನೆಯ ವಿಧಿಗಳನ್ನು ನಮ್ಮ ನ್ಯಾಯಾಲಯಗಳು ಅರ್ಥೈಸುತ್ತ ಬಂದ ಬಗೆಯನ್ನು ತಿಳಿಯಬೇಕಾದರೆ ಉಡುಪಿಯಿಂದಲೇ ಆರಂಭಿಸಬೇಕು. ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲದಲ್ಲಿ, ಅಲ್ಲಿನ ಸರಕಾರದ 1951ರ ಧರ್ಮಾದಾಯ ಕಾಯಿದೆಯ ವಿರುದ್ಧ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥರು ಹೋರಾಡಿದರು. 1954ರಲ್ಲಿ ಸುಪ್ರೀಂ ಕೋರ್ಟಿನ ಪರವಾಗಿ ತೀರ್ಪು ಬರೆದವರು ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು.

ಧರ್ಮದ ಅವಶ್ಯ ಅಂಗವಲ್ಲದ ಲೌಕಿಕ ವ್ಯವಹಾರಗಳನ್ನೆಲ್ಲ ತಾನು ನಿಯಂತ್ರಿಸಬಹುದೆಂಬುದು ಸರಕಾರದ ವಾದ. ಅವಶ್ಯ ಅಂಗ ಯಾವುದೆಂಬುದನ್ನು ಪ್ರಧಾನವಾಗಿ ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕೆಂಬುದು ನ್ಯಾಯಾಲಯದ ಉತ್ತರ. ಇಂಥ ಹೊತ್ತಿಗೆ ದೇವರಿಗೆ ನೈವೇದ್ಯವಾಗಬೇಕೆಂದು ಧರ್ಮ ವಿಧಿಸಿದರೆ, ಅದಕ್ಕೆ ಹಣ ಖರ್ಚಾಗುತ್ತದೆಂಬ ಮಾತ್ರಕ್ಕೆ ಅದು ಲೌಕಿಕವಾಗದು. ‘ಅವಶ್ಯ’ ಎಂಬ ಮಾತು ಇಲ್ಲಿ ಭಕ್ತನಿಗೆ ಕೊಡೆಯಾಗಿತ್ತು.

ಮುಂದೆ ಅದೇ ಮಾತು ಕತ್ತರಿಯಾಯಿತು. 1961ರ ಅಜ್ಮೀರ್ ದರ್ಗಾ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು, ಧಾರ್ಮಿಕವೆನ್ನಿಸಿಕೊಂಡ ಆಚರಣೆಗಳು ಮೂಢನಂಬಿಕೆಯಿಂದಲೂ ಹುಟ್ಟಿರಬಹುದು, ಅಂಥ ಹೊರಗಿನ ಬೆಳವಣಿಗೆಗಳಿಗೆ ರಕ್ಷಣೆ ಸಲ್ಲದು ಎಂದರು. ಧರ್ಮ ಯಾವುದು, ಲೌಕಿಕ ಯಾವುದು ಎಂಬ ಪ್ರಶ್ನೆ ಹಿಂದೆ ಸರಿದು, ಧರ್ಮದೊಳಗೆ ಸಾಚಾ ಯಾವುದು, ಖೋಟಾ ಯಾವುದು ಎಂಬ ಪ್ರಶ್ನೆ ಮುಂದೆ ಬಂತು. ಪ್ರಯೋಗಶಾಲೆಯಲ್ಲಿ ಲವಣದ ಮಿಶ್ರಣವನ್ನು ಬೇರ್ಪಡಿಸಿ ಹೆಸರಿಡಬಹುದು. ನಂಬಿಕೆಗೆ ಅಂಥ ಪರೀಕ್ಷಾ ದ್ರಾವಣ ಯಾವುದಿದೆ?

ಇದರ ಫಲವನ್ನು ಉಡುಪಿಯೇ ಮತ್ತೆ ಕಂಡಿತು. ಸರಕಾರಿ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿನಿಯರ ಹಿಜಾಬ್ ಪ್ರಕರಣದಲ್ಲಿ, 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಅದು ಇಸ್ಲಾಮಿನ ಅವಶ್ಯ ಆಚರಣೆಯಲ್ಲವೆಂದಿತು. ಸಮವಸ್ತ್ರದ ನಿಯಮ ಸಮಂಜಸವೆಂಬ ಇನ್ನೊಂದು ಕಾರಣವನ್ನೂ ಕೊಟ್ಟಿತೆಂಬುದು ನಿಜ. ಚರ್ಚೆಗೆ ಯೋಗ್ಯವಾದದ್ದು ಆ ಎರಡನೆಯ ಕಾರಣವೇ. ಸಮವಸ್ತ್ರದ ಅಗತ್ಯವನ್ನು ಅಳೆಯಲು ಕುರಾನಿನ ವ್ಯಾಖ್ಯಾನ ಬೇಕಿರಲಿಲ್ಲ. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪಿತ್ತಾಗ, ನ್ಯಾಯಮೂರ್ತಿ ಧುಲಿಯಾ ಅವರು ಅವಶ್ಯ ಆಚರಣೆಯ ಪ್ರಶ್ನೆಯೇ ಇಲ್ಲಿ ಅನಾವಶ್ಯಕವೆಂದರು. ಕಚೇರಿಯ ಕಡತಗಳ ಪರಿಚಯವಿರುವ ಓದುಗರಿಗೆ ಇದು ಹೊಸದಲ್ಲ: ಟಿಪ್ಪಣಿಯ ಮೊದಲ ಸಾಲಿನಲ್ಲಿ ಪ್ರಶ್ನೆಯನ್ನು ಹೇಗಿಡುತ್ತೇವೆಯೋ, ಉತ್ತರವೂ ಅದೇ ಜಾಡು ಹಿಡಿಯುತ್ತದೆ.

ಹಾಗಾದರೆ ಧರ್ಮದ ಹೆಸರಿನಲ್ಲಿ ಏನು ಮಾಡಿದರೂ ಸರಿಯೇ ಎಂದು ಕೇಳಬಹುದು. ಇದಕ್ಕೂ ಉತ್ತರ ನಮ್ಮ ಕರಾವಳಿಯಲ್ಲೇ ಇದೆ. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ (1957) ನ್ಯಾಯಮೂರ್ತಿ ವೆಂಕಟರಾಮ ಅಯ್ಯರ್ ಅವರು, ಗುಡಿಯೊಳಗೆ ಯಾರು ಬರಬಹುದೆಂಬುದು ಧಾರ್ಮಿಕ ವಿಷಯವೇ ಎಂದು ಗೌಡ ಸಾರಸ್ವತರ ವಾದವನ್ನು ಒಪ್ಪಿಕೊಂಡರು. ಆದರೆ ಎಲ್ಲ ಹಿಂದೂಗಳಿಗೂ ದೇವಾಲಯ ತೆರೆಯುವ ಅಧಿಕಾರ 25ನೆಯ ವಿಧಿಯಲ್ಲಿದೆ. ಅದೇ ಮೇಲು ಎಂದರು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಆ ಸಮಾಜಕ್ಕೇ ಉಳಿಸಿದರು. ಯಾರ ಶ್ರದ್ಧೆಯನ್ನೂ ಖೋಟಾ ಎನ್ನದೆ ಬಾಗಿಲು ತೆರೆಯಿತು.

ಹಿಂದೆ ನಮ್ಮ ಈ ಹೈದರಾಬಾದಿನ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು 1986ರಲ್ಲಿ ಇದೇ ಹಾದಿ ತುಳಿದರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತು, ಆದರೆ ಹಾಡದಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದರು. ಅವರು ನೋಡಿದ್ದು ನಂಬಿಕೆ ಪ್ರಾಮಾಣಿಕವೇ ಎಂಬುದನ್ನು. ತಮಗೆ ಒಪ್ಪಿಗೆಯೇ ಎಂಬುದನ್ನಲ್ಲ.

ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯ, ಇತರರ ಮೂಲಭೂತ ಹಕ್ಕು: ಈ ಗಡಿಗಳನ್ನು ಸಂವಿಧಾನವೇ ಹಾಕಿಕೊಟ್ಟಿದೆ. ಅವುಗಳನ್ನು ಕಾಯುವುದು ನ್ಯಾಯಾಲಯದ ಕೆಲಸ. ತಾರ್ನಾಕದಂಥ ಬಡಾವಣೆಯಲ್ಲಿ ನೆರೆಯವರ ಪೂಜೆ, ನಮಾಜು, ಪ್ರಾರ್ಥನೆಗಳ ನಡುವೆ ಬಾಳುವ ನಾವೂ ಅಷ್ಟನ್ನೇ ಕೇಳುತ್ತೇವೆ: ಸದ್ದು ಹೆಚ್ಚಾಯಿತೇ, ದಾರಿ ಕಟ್ಟಿತೇ, ಯಾರಿಗಾದರೂ ಅನ್ಯಾಯವಾಯಿತೇ? ಅವರ ಧರ್ಮದ ತಿರುಳೇನೆಂದು ಅವರಿಗೇ ಹೇಳಿಕೊಡುವ ಅಧಿಕಾರ ನೆರೆಯವನಿಗಿಲ್ಲ. ನ್ಯಾಯಪೀಠಕ್ಕೂ ಇರಬಾರದೆಂಬುದು ನನ್ನ ವಿನಮ್ರ ಅಭಿಪ್ರಾಯ.