ನೆನಪಿಡು, ಕಾಪಾಡು: ಹೆಶೆಲರ ‘ಸಬ್ಬತ್’ ಕೃತಿಯ ವಿಮರ್ಶೆ

ಸಬ್ಬತ್ ದಿನದ ಅರ್ಥವನ್ನು ಕುರಿತು ಇಪ್ಪತ್ತನೆಯ ಶತಮಾನದಲ್ಲಿ ಬಂದ ಗ್ರಂಥಗಳ ಪೈಕಿ ಅಬ್ರಹಾಂ ಜೋಶುವಾ ಹೆಶೆಲ್ ಅವರ ‘ದಿ ಸಬ್ಬತ್’ ಗಾತ್ರದಲ್ಲಿ ಚಿಕ್ಕದು, ಪ್ರಭಾವದಲ್ಲಿ ದೊಡ್ಡದು. ಹೆಶೆಲರು 1907ರಲ್ಲಿ ವಾರ್ಸಾ ನಗರದಲ್ಲಿ, ಹಸೀದೀ ಗುರುಗಳ ಮನೆತನದಲ್ಲಿ ಹುಟ್ಟಿದರು. 1940ರಲ್ಲಿ ಅಮೆರಿಕ ಸೇರಿದರು. ಅವರ ತಾಯಿಯೂ ಸಹೋದರಿಯರೂ ನಾಜಿಗಳ ಆಳ್ವಿಕೆಯಲ್ಲಿ ಪ್ರಾಣ ಕಳೆದುಕೊಂಡರು. ಯುರೋಪಿನ ಯೆಹೂದ್ಯರ ಮನೆಗಳೂ ಸಭಾಮಂದಿರಗಳೂ ಬೂದಿಯಾದ ಮೇಲೆ, 1951ರಲ್ಲಿ ಈ ಪುಸ್ತಕ ಪ್ರಕಟವಾಯಿತು. ಕಟ್ಟಡಗಳೆಲ್ಲ ನಾಶವಾದರೂ ದೇವಜನರಿಗೆ ಉಳಿಯುವುದು ಯಾವುದು ಎಂಬ ಪ್ರಶ್ನೆ ಇದರ ಹಿಂದಿದೆ ಎಂದು ಭಾವಿಸಿದರೆ ಇದರ ತೂಕ ತಿಳಿಯುತ್ತದೆ.

ಹೆಶೆಲರ ವಾದ ಸರಳವಾದುದು. ಮನುಷ್ಯನು ಸ್ಥಳವನ್ನು ಗೆಲ್ಲಲು, ವಸ್ತುಗಳನ್ನು ಕೂಡಿಸಲು ತನ್ನ ಶಕ್ತಿಯನ್ನೆಲ್ಲ ವ್ಯಯಿಸುತ್ತಾನೆ. ಆದರೆ ಸತ್ಯವೇದದ ದೇವರು ಮೊದಲು ಪವಿತ್ರಗೊಳಿಸಿದ್ದು ಬೆಟ್ಟವನ್ನಲ್ಲ, ಬಲಿಪೀಠವನ್ನಲ್ಲ, ಒಂದು ದಿನವನ್ನು. ಪವಿತ್ರತೆಯ ಮಾತು ಆದಿಕಾಂಡದಲ್ಲಿ ಮೊಟ್ಟಮೊದಲು ಬರುವುದು ಏಳನೆಯ ದಿನದ ವಿಷಯವಾಗಿಯೇ (2:3). ಸಬ್ಬತ್ತಿನಲ್ಲಿ ಮಾಡಬಾರದೆಂದು ರಬ್ಬಿಗಳು ಎಣಿಸಿದ 39 ಬಗೆಯ ಕೆಲಸಗಳು ಅರಣ್ಯದಲ್ಲಿ ದೇವದರ್ಶನ ಗುಡಾರವನ್ನು ಕಟ್ಟಲು ಬೇಕಾದ ಕೆಲಸಗಳೇ. ಎಂದರೆ, ದೇವರ ಗುಡಾರವನ್ನು ಕಟ್ಟುವ ಕೈಯೂ ಆ ದಿನ ನಿಲ್ಲಬೇಕು. ಸ್ಥಳಕ್ಕಿಂತ ಕಾಲ ಮೇಲು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಈ ವಾದದಿಂದ ನಮಗಾಗುವ ಮೊದಲ ಲಾಭವನ್ನು ಮುಕ್ತವಾಗಿ ಒಪ್ಪಿಕೊಳ್ಳಬೇಕು. ವಿಶ್ರಾಂತಿಯೆಂದರೆ ಮುಂದಿನ ಆರು ದಿನಗಳ ದುಡಿಮೆಗೆ ಬಲ ತುಂಬಿಕೊಳ್ಳುವ ಉಪಾಯವೆಂದು ಅಲೆಕ್ಸಾಂಡ್ರಿಯದ ಫಿಲೋ ಗ್ರೀಕರ ಮುಂದೆ ಸಬ್ಬತ್ತನ್ನು ಸಮರ್ಥಿಸಿದ್ದನು. ಹೆಶೆಲರು ಇದನ್ನು ಒಪ್ಪುವುದಿಲ್ಲ. ಸಬ್ಬತ್ತು ದುಡಿಮೆಯ ದಿನಗಳಿಗಾಗಿ ಇರುವುದಲ್ಲ, ಆ ದಿನಗಳೇ ಸಬ್ಬತ್ತಿಗಾಗಿ ಇರುತ್ತವೆ ಎಂಬುದು ಅವರ ನಿಲುವು. ನಮ್ಮ ಸಭೆಗಳ ಬೋಧನೆಯಲ್ಲಿ ಇಂದಿಗೂ ಕೇಳಿಬರುವುದು ಬಹುಮಟ್ಟಿಗೆ ಫಿಲೋನ ಮಾತು. ಭಾನುವಾರ ಚೆನ್ನಾಗಿ ವಿಶ್ರಮಿಸಿದರೆ ಸೋಮವಾರ ಚೆನ್ನಾಗಿ ದುಡಿಯಬಹುದೆಂದು ಹೇಳುವಾಗ, ದುಡಿಮೆಯನ್ನೇ ಒಡೆಯನಾಗಿಸಿ ದೇವರ ದಿನವನ್ನು ಅದರ ಸೇವಕನನ್ನಾಗಿ ಮಾಡುತ್ತೇವೆ. ಈ ತಪ್ಪನ್ನು ತೋರಿಸಿಕೊಟ್ಟದ್ದಕ್ಕೆ ನಾವು ಹೆಶೆಲರಿಗೆ ಋಣಿಗಳು.

ಆದರೂ ಪುಸ್ತಕವನ್ನು ಸತ್ಯವೇದದ ಪಕ್ಕದಲ್ಲಿಟ್ಟು ಓದಿದಾಗ ತಕ್ಕಡಿ ಒಂದು ಕಡೆಗೆ ವಾಲಿರುವುದು ಕಾಣುತ್ತದೆ. ಸಬ್ಬತ್ತಿನ ಆಜ್ಞೆ ಎರಡು ಕಡೆ ಎರಡು ಆಧಾರಗಳೊಂದಿಗೆ ಬಂದಿದೆ. ವಿಮೋಚನಕಾಂಡ 20ರಲ್ಲಿ ಕಾರಣ ಸೃಷ್ಟಿ: ದೇವರು ಆರು ದಿನ ಕೆಲಸಮಾಡಿ ಏಳನೆಯ ದಿನ ವಿಶ್ರಮಿಸಿದನು. ಧರ್ಮೋಪದೇಶಕಾಂಡ 5ರಲ್ಲಿ ಕಾರಣ ಬಿಡುಗಡೆ: ಇಸ್ರಾಯೇಲ್ಯರು ಐಗುಪ್ತದಲ್ಲಿ ದಾಸರಾಗಿದ್ದರು, ಯೆಹೋವನು ಅವರನ್ನು ಹೊರತಂದನು. ಮೊದಲನೆಯದು ‘ನೆನಪಿಡು’ ಎಂದು ಆರಂಭವಾಗುತ್ತದೆ, ಎರಡನೆಯದು ‘ಕಾಪಾಡು’ ಎಂದು. ಎರಡೂ ಕಡೆ ಗಂಡಾಳು, ಹೆಣ್ಣಾಳು, ಪಶುಗಳು, ಅನ್ಯದೇಶದವನು ಪಟ್ಟಿಯಲ್ಲಿದ್ದಾರೆ. ಆದರೆ ಆಳುಗಳಿಗೂ ಯಜಮಾನನಂತೆಯೇ ವಿಶ್ರಾಂತಿ ದೊರಕಬೇಕು ಎಂಬ ಉದ್ದೇಶವನ್ನು ಬಿಡಿಸಿ ಹೇಳುವುದು ಧರ್ಮೋಪದೇಶಕಾಂಡ ಮಾತ್ರ.

ಹೆಶೆಲರು ಸ್ವಾತಂತ್ರ್ಯವನ್ನು ಮರೆತಿಲ್ಲ. ಸಬ್ಬತ್ತು ವಸ್ತುಗಳ ಆಳ್ವಿಕೆಯಿಂದಲೂ ಹಣದ ಚಿಂತೆಯಿಂದಲೂ ಮನುಷ್ಯನನ್ನು ಬಿಡಿಸುತ್ತದೆಂದು ಅವರು ಬರೆಯುತ್ತಾರೆ. ಆದರೆ ಅವರ ಒತ್ತು ಒಳಗಿನ ಸ್ವಾತಂತ್ರ್ಯದ ಮೇಲೆ, ಆಚರಿಸುವವನ ಆತ್ಮದ ಮೇಲೆ. ಆ ಮನೆಯಲ್ಲಿ ದುಡಿಯುವ ಇತರರ ಕೈಗಳು ಅಂದು ಏನು ಮಾಡುತ್ತಿರುತ್ತವೆ ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಅಷ್ಟು ಜಾಗ ಸಿಗುವುದಿಲ್ಲ. ಸೃಷ್ಟಿಯ ಸಬ್ಬತ್ತು ಅಲ್ಲಿ ಬೆಳಗುತ್ತದೆ. ಬಿಡುಗಡೆಯ ಸಬ್ಬತ್ತು ಅದರ ನೆರಳಿನಲ್ಲಿ ನಿಲ್ಲುತ್ತದೆ.

ಇವೆರಡನ್ನೂ ಬೇರ್ಪಡಿಸಲಾಗದೆಂಬುದನ್ನು ವಿಮೋಚನಕಾಂಡದ ಒಂದು ಕ್ರಿಯಾಪದವೇ ಸಾರುತ್ತದೆ. 23:12ರಲ್ಲಿ, ಎತ್ತು ಕತ್ತೆಗಳು ವಿಶ್ರಮಿಸಬೇಕು, ದಾಸಿಯ ಮಗನೂ ಅನ್ಯದೇಶದವನೂ ದಣಿವಾರಿಸಿಕೊಳ್ಳಬೇಕು ಎಂಬ ಅರ್ಥದ ಮಾತಿದೆ. ಇಲ್ಲಿ ಬಳಸಿದ ಹೀಬ್ರೂ ಕ್ರಿಯಾಪದ ‘ನೆಫೆಷ್’ ಎಂಬ ಮೂಲದ್ದು. ಉಸಿರು ಮರಳಿ ಪಡೆಯುವುದು ಎಂಬುದು ಅದರ ಭಾವ. ಇದೇ ಕ್ರಿಯಾಪದ 31:17ರಲ್ಲಿ ದೇವರ ವಿಷಯವಾಗಿಯೇ ಬರುತ್ತದೆ: ಏಳನೆಯ ದಿನ ಆತನು ವಿಶ್ರಮಿಸಿ ಉಸಿರು ಪಡೆದನು. ಹೀಬ್ರೂ ಸತ್ಯವೇದದಲ್ಲಿ ಈ ರೂಪ ಕಾಣುವುದು ಮೂರೇ ಕಡೆ. ಮೂರನೆಯದು, ಅಬ್ಷಾಲೋಮನಿಂದ ಓಡಿ ಬಳಲಿದ ದಾವೀದನು ತನ್ನ ಜನರೊಡನೆ ಸುಧಾರಿಸಿಕೊಂಡ ಸಂದರ್ಭ (2 ಸಮುವೇಲ 16:14). ಸೃಷ್ಟಿಕರ್ತನ ವಿಶ್ರಾಂತಿಗೆ ಸಲ್ಲುವ ಶಬ್ದವನ್ನು ಧರ್ಮಶಾಸ್ತ್ರವು ದಾಸಿಯ ಮಗನಿಗೂ ಸಲ್ಲಿಸಿದೆ. ದೇವರ ವಿಶ್ರಾಂತಿಯಲ್ಲಿ ಪಾಲುಗೊಳ್ಳುವ ಹಕ್ಕು ಅವನಿಗೂ ಇದೆ ಎಂದೇ ಇದರ ಅರ್ಥ.

ಯೇಸುಸ್ವಾಮಿಯು ಸಬ್ಬತ್ತನ್ನು ಅರ್ಥಮಾಡಿದ ರೀತಿಯೂ ಇದಕ್ಕೆ ಹೊಂದುತ್ತದೆ. ಹದಿನೆಂಟು ವರ್ಷ ನಡುಬಗ್ಗಿಹೋಗಿದ್ದ ಹೆಂಗಸನ್ನು ಆತನು ಸಭಾಮಂದಿರದಲ್ಲಿ ಸ್ವಸ್ಥಮಾಡಿದಾಗ (ಲೂಕ 13:10–17), ಉಳಿದ ಆರು ದಿನಗಳಲ್ಲಿ ಬರಬಹುದಿತ್ತೆಂದು ಅಲ್ಲಿನ ಅಧಿಕಾರಿ ಆಕ್ಷೇಪಿಸಿದನು. ಸ್ವಾಮಿಯು ಸಬ್ಬತ್ತಿನ ಬೆಲೆಯನ್ನು ಕಡಿಮೆಮಾಡಿ ಉತ್ತರಿಸಲಿಲ್ಲ. ಎತ್ತನ್ನೂ ಕತ್ತೆಯನ್ನೂ ಅಂದು ಗೋದಲಿಯಿಂದ ಬಿಚ್ಚಿ ನೀರಿಗೆ ಕರೆದೊಯ್ಯುತ್ತೀರಿ; ಕಟ್ಟಿನಲ್ಲಿದ್ದ ಅಬ್ರಹಾಮನ ಮಗಳನ್ನು ಬಿಡಿಸಲು ಸಬ್ಬತ್ತೇ ತಕ್ಕ ದಿನವಲ್ಲವೇ ಎಂಬುದು ಆತನ ವಾದದ ಸಾರ. ಪಶುವಿಗೂ ಹೆಂಗಸಿಗೂ ಗ್ರೀಕ್ ಮೂಲದಲ್ಲಿ ‘ಬಿಚ್ಚು’ ಎಂಬ ಒಂದೇ ಕ್ರಿಯಾಪದವಿದೆ. ಬಿಡುಗಡೆಯೇ ಸಬ್ಬತ್ತಿನ ತಿರುಳೆಂಬ ಧರ್ಮೋಪದೇಶಕಾಂಡದ ವ್ಯಾಖ್ಯಾನ ಇಲ್ಲಿ ಮಾಂಸಧಾರಿಯಾಗಿ ನಿಂತಿದೆ.

ಸಭೆಯ ಚರಿತ್ರೆಯಾದರೋ ಈ ತಿರುಳನ್ನು ಸದಾ ಹಿಡಿದುಕೊಂಡು ಬರಲಿಲ್ಲ. ಕ್ರಿ.ಶ. 321ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ಭಾನುವಾರವನ್ನು ವಿರಾಮದ ದಿನವೆಂದು ವಿಧಿಸಿದಾಗ ನ್ಯಾಯಾಧೀಶರಿಗೂ ಪಟ್ಟಣದವರಿಗೂ ಕಸುಬುದಾರರಿಗೂ ವಿಶ್ರಾಂತಿ ದೊರಕಿತು. ಹೊಲದ ಕೆಲಸಕ್ಕೆ ಮಾತ್ರ ವಿನಾಯಿತಿ ಇತ್ತು. ಬೆಳೆಗೆ ತಕ್ಕ ಕಾಲ ತಪ್ಪಬಾರದೆಂಬ ಕಾರಣ ನ್ಯಾಯವಾದದ್ದೇ ಆಗಿರಬಹುದು. ಆದರೆ ಉತ್ತು ಕೊಯ್ಯುವ ಕಾಲದಲ್ಲಿಯೂ ವಿಶ್ರಮಿಸಬೇಕೆಂಬ ವಿಮೋಚನಕಾಂಡ 34:21ರ ವಿಧಿಗೆ ಇದು ನೇರವಾಗಿ ಎದುರು.

ನಮ್ಮ ದೇಶದ ಚರಿತ್ರೆ ನಮ್ಮನ್ನು ಮತ್ತಷ್ಟು ವಿನಯಕ್ಕೆ ಕರೆಯುತ್ತದೆ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ವಾರಕ್ಕೊಂದು ಪೂರ್ಣ ರಜೆ ಬೇಕೆಂದು 1884ರಲ್ಲಿ ಮನವಿ ಎತ್ತಿದವರು ಜೋತಿರಾವ್ ಫುಲೆಯವರ ಸಂಗಾತಿಯೂ ಸತ್ಯಶೋಧಕ ಸಮಾಜದವರೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆ. 1890ರಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಬಸವನ ದಿನವೆಂದು ಎತ್ತಿನ ಹೆಗಲಿಗೆ ನೊಗವಿಡದ ರೂಢಿಯಿದೆ. ಇವರು ಯಾರೂ ಸಬ್ಬತ್ತಿನ ಆಜ್ಞೆಯನ್ನು ಪಾಲಿಸುತ್ತೇವೆಂದು ಹೇಳಿಕೊಂಡವರಲ್ಲ, ಹಾಗೆಂದು ನಾವೂ ಅವರ ಮೇಲೆ ಹೊರಿಸಬಾರದು. ಆದರೆ ಆಳಿಗೂ ಎತ್ತಿಗೂ ವಿಶ್ರಾಂತಿ ಸಲ್ಲಬೇಕೆಂಬ ಆಜ್ಞೆ ಯಾರ ಕೈಯಲ್ಲಿದೆಯೋ ಅವರು ಈ ಉದಾಹರಣೆಗಳ ಮುಂದೆ ತಮ್ಮ ಆಚರಣೆಯನ್ನು ಪರೀಕ್ಷಿಸಿಕೊಳ್ಳದೆ ಇರಲಾಗದು.

ಹಾಗಾದರೆ ನಮ್ಮ ವೈಯಕ್ತಿಕ ಆಚರಣೆ ಹೇಗಿರಬೇಕು? ಕರ್ತನ ದಿನವೆಂದರೆ ಸಬ್ಬತ್ತನ್ನು ಶನಿವಾರದಿಂದ ಭಾನುವಾರಕ್ಕೆ ಸರಿಸಿದ್ದಷ್ಟೇ ಅಲ್ಲವೆಂಬುದನ್ನೂ, ದಿನಗಳ ವಿಷಯದಲ್ಲಿ ಒಬ್ಬರು ಮತ್ತೊಬ್ಬರಿಗೆ ತೀರ್ಪು ಮಾಡಬಾರದೆಂಬ ಪೌಲನ ಎಚ್ಚರಿಕೆಯನ್ನೂ (ಕೊಲೊಸ್ಸೆ 2:16) ನಾವು ಬಲ್ಲೆವು. ನಿಯಮಗಳ ಹೊಸ ಪಟ್ಟಿ ನಮಗೆ ಬೇಕಿಲ್ಲ. ಬೇಕಾದದ್ದು ಒಂದು ಪ್ರಶ್ನೆ: ನನ್ನ ವಿಶ್ರಾಂತಿ ಯಾರ ದುಡಿಮೆಯ ಮೇಲೆ ನಿಂತಿದೆ?

ಆರಾಧನೆ ಮುಗಿಸಿ ಬಂದ ಕುಟುಂಬಕ್ಕೆ ಭಾನುವಾರದ ಊಟ ವಾರದ ಎಲ್ಲ ಊಟಗಳಿಗಿಂತ ದೊಡ್ಡದು. ಆ ಮನೆಯ ತಾಯಿಗೆ ಅಂದಿನ ಅಡುಗೆಮನೆಯ ಕೆಲಸವೂ ಅಷ್ಟೇ ದೊಡ್ಡದು. ಆಜ್ಞೆಯ ಪಟ್ಟಿಯಲ್ಲಿ ಮಗ, ಮಗಳು, ಆಳುಗಳು ಇದ್ದಾರೆ, ಹೆಂಡತಿಯ ಹೆಸರಿಲ್ಲ. ಆಕೆ ‘ನೀನು’ ಎಂಬ ಸಂಬೋಧನೆಯಲ್ಲಿಯೇ ಸೇರಿದ್ದಾಳೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅದು ಸರಿಯಾದರೆ ವಿಶ್ರಮಿಸಬೇಕಾದವರಲ್ಲಿ ಆಕೆಯೇ ಮೊದಲಿಗಳು. ಶನಿವಾರ ಸಂಜೆ ಎಲ್ಲರೂ ಕೂಡಿ ಅಡುಗೆಯ ಸಿದ್ಧತೆ ಮುಗಿಸಿ ಭಾನುವಾರ ಸಾದಾ ಊಟ ಉಣ್ಣುವ ಮನೆ, ಬಿರಿಯಾನಿಯ ಮನೆಗಿಂತ ಆಜ್ಞೆಗೆ ಹತ್ತಿರವಾಗಿದೆ. ಮನೆಗೆಲಸಕ್ಕೆ ಬರುವ ಹೆಂಗಸಿಗೆ ಸಂಬಳ ಕಡಿಯದೆ ವಾರಕ್ಕೊಂದು ದಿನ ಬಿಡುವು ಕೊಡುವುದು ಔದಾರ್ಯವಲ್ಲ, ಆಜ್ಞೆಯ ಅಕ್ಷರವೇ ಅದು. ದೇವಾಲಯದ ಕಾವಲುಗಾರನಿಗೂ, ಭಾನುವಾರ ಹೆಚ್ಚು ದುಡಿಯುವ ಸಭಾಪಾಲಕರಿಗೂ ಬೇರೊಂದು ದಿನವನ್ನು ಸಭೆಯೇ ಗೊತ್ತುಮಾಡಬೇಕು. ಪಾಳಿಯ ಕೆಲಸದ ನಿಮಿತ್ತ ಆರಾಧನೆಗೆ ಬಾರದ ದಾದಿಯನ್ನೋ ಬಸ್ ಚಾಲಕನನ್ನೋ ಉದಾಸೀನನೆಂದು ಗದರಿಸುವ ಮೊದಲು, ಅವರಿಗೆ ಯಾವ ದಿನ ಬಿಡುವಿದೆ, ಅಂದು ಅವರೊಡನೆ ಯಾರು ಪ್ರಾರ್ಥಿಸುತ್ತಾರೆ ಎಂದು ವಿಚಾರಿಸುವುದು ಲೇಸು.

ಇದರಿಂದ ಸಬ್ಬತ್ತು ಬರಿಯ ಕಾರ್ಮಿಕ ಕಾನೂನಾಗಿ ಇಳಿಯುತ್ತದಲ್ಲವೇ ಎಂದು ಕೆಲವರು ಕೇಳಬಹುದು. ಹೆಶೆಲರನ್ನು ಓದಿದವರು ಹಾಗೆ ಆಗಗೊಡುವುದಿಲ್ಲ. ಅವರ ಪುಸ್ತಕದ ಅಗತ್ಯ ಇಲ್ಲಿಯೇ ಇದೆ. ರಜೆ ಸಿಕ್ಕ ಮಾತ್ರಕ್ಕೆ ದಿನ ಪವಿತ್ರವಾಗದು. ದೇವರ ಸನ್ನಿಧಿಯಿಲ್ಲದ ಬಿಡುವು ಬೇಗನೆ ಬೇಸರಕ್ಕೋ ಅಂಗಡಿಬೀದಿಗೋ ಜಾರುತ್ತದೆ. ಸಬ್ಬತ್ತು ಯಾವಾಗ ಮುಗಿದೀತು, ಧಾನ್ಯ ಯಾವಾಗ ಮಾರೇವು ಎಂದು ಕಾದ ವ್ಯಾಪಾರಿಗಳನ್ನು ಆಮೋಸನು ಖಂಡಿಸಿದ್ದೂ (8:5) ಇದಕ್ಕೇ: ಅವರ ಅಂಗಡಿ ಮುಚ್ಚಿತ್ತು, ಮನಸ್ಸು ಮುಚ್ಚಿರಲಿಲ್ಲ. ಪುಸ್ತಕದಲ್ಲಿ ಹಗುರವಾಗಿ ಉಳಿದ ಭಾಗವನ್ನು ಹೆಶೆಲರ ಜೀವನವೇ ತುಂಬಿಕೊಟ್ಟಿತೆಂದೂ ಹೇಳಬೇಕು. 1965ರಲ್ಲಿ ಸೆಲ್ಮಾ ಊರಿನಿಂದ ಹೊರಟ ಮೆರವಣಿಗೆಯಲ್ಲಿ ಅವರು ಮಾರ್ಟಿನ್ ಲೂಥರ್ ಕಿಂಗ್ ಅವರೊಡನೆ, ಕರಿಯರ ಮತದಾನದ ಹಕ್ಕಿಗಾಗಿ ನಡೆದರು.

ಪುಸ್ತಕದಲ್ಲಿ ಹೆಶೆಲರು ವಿವರವಾಗಿ ಎತ್ತಿಕೊಳ್ಳುವ ತಾಲ್ಮುದಿನ ಕಥೆಯೊಂದಿದೆ. ರೋಮನರಿಗೆ ಹೆದರಿ ರಬ್ಬಿ ಶಿಮೋನ್ ಬೆನ್ ಯೊಹಾಯಿ ತನ್ನ ಮಗನೊಂದಿಗೆ ಹನ್ನೆರಡು ವರ್ಷ ಗವಿಯಲ್ಲಿ ಅಡಗಿ ಧ್ಯಾನದಲ್ಲಿದ್ದನು. ಹೊರಗೆ ಬಂದಾಗ ಉಳುವವರನ್ನು ಕಂಡು ಸಹಿಸದಾದನು. ನಿತ್ಯಜೀವವನ್ನು ಬಿಟ್ಟು ಮಣ್ಣಿಗೆ ಅಂಟಿದ್ದಾರೆಂದು ಅವನ ಕೋಪ. ಅವರ ನೋಟ ಬಿದ್ದಲ್ಲೆಲ್ಲ ಸುಟ್ಟುಹೋಗಲು, ಪರಲೋಕದ ವಾಣಿ ಅವರನ್ನು ಗವಿಗೆ ಹಿಂದಟ್ಟಿತು. ಮತ್ತೊಂದು ವರ್ಷ ಕಳೆದು ಹೊರಬಂದಾಗ, ಸಬ್ಬತ್ತಿನ ಹಿಂದಿನ ಸಂಜೆ ಮುದುಕನೊಬ್ಬನು ಪರಿಮಳದ ಸೊಪ್ಪಿನ ಎರಡು ಕಟ್ಟು ಹಿಡಿದು ಓಡುತ್ತಿದ್ದನು. ಒಂದು ಸಾಲದೇ ಎಂದು ಕೇಳಿದ್ದಕ್ಕೆ, ಒಂದು ‘ನೆನಪಿಡು’ ಎಂಬುದಕ್ಕೆ, ಮತ್ತೊಂದು ‘ಕಾಪಾಡು’ ಎಂಬುದಕ್ಕೆ ಎಂದನು. ಅದನ್ನು ಕೇಳಿ ಅವರ ಮನಸ್ಸು ಶಾಂತವಾಯಿತು.

ಹೆಶೆಲರ ಪುಸ್ತಕ ನಮ್ಮ ಕೈಗೆ ಮೊದಲ ಕಟ್ಟನ್ನು ಇಟ್ಟಿದೆ. ಅದನ್ನು ಕೃತಜ್ಞತೆಯಿಂದ ಹಿಡಿದುಕೊಂಡು, ಎರಡನೆಯದನ್ನೂ ಎತ್ತಿಕೊಳ್ಳಬೇಕು. ದೇವಜನರಿಗೆ ಇನ್ನೂ ಉಳಿದಿದೆಯೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಸಾರುವ ವಿಶ್ರಾಂತಿಯನ್ನು (4:9) ನಿರೀಕ್ಷಿಸುವವರು, ಅದರ ರುಚಿಯನ್ನು ತಮ್ಮ ಬಾಗಿಲೊಳಗೆ ದುಡಿಯುವವರಿಗೆ ವಾರಕ್ಕೊಮ್ಮೆಯಾದರೂ ಹಂಚಲಿ.